ಒಸಡಿನಲ್ಲಿ ರಕ್ತ ಬಂದರೆ ಸೀಬೆಹಣ್ಣು ಬಿಡಬೇಕೆ?

ಹಲ್ಲು ಗೋಡೆಯ ಕಲ್ಲು ಇದ್ದ ಹಾಗೆ. ಒಸಡು ಅದನ್ನು ಹಿಡಿದುಕೊಂಡಿರುವ ಮಣ್ಣು ಇದ್ದ ಹಾಗೆ. ಮಣ್ಣು ಉದುರಿದರೆ ಕಲ್ಲು ಎಷ್ಟು ಗಟ್ಟಿ ಇದ್ದರೂ ಅಲ್ಲಾಡುತ್ತದೆ. ನಾವೆಲ್ಲ ಕನ್ನಡಿಯಲ್ಲಿ ಹಲ್ಲು ಬೆಳ್ಳಗಿದೆಯಾ ಅಂತ ನೋಡುತ್ತೇವೆ, ಒಸಡನ್ನು ಯಾರೂ ನೋಡುವುದಿಲ್ಲ. ಅದು ಕೆಂಪಗೆ ಊದಿಕೊಂಡು, ಹಲ್ಲುಜ್ಜಿ ಉಗಿದಾಗ ರಕ್ತ ಕಂಡರೆ ಏನೋ ತೊಂದರೆ ಇದೆ ಎಂದು ಅರ್ಥ.

ಹೆಚ್ಚಿನವರಿಗೆ ಇದಕ್ಕೆ ಕಾರಣ ಕೊಳೆ. ಹಲ್ಲು ಮತ್ತು ಒಸಡು ಸೇರುವ ಸಂದಿಯಲ್ಲಿ ಅಂಟಂಟಾದ ಪದರ ಕೂರುತ್ತದೆ. ಅದರ ತುಂಬ ಸೂಕ್ಷ್ಮಜೀವಿಗಳು. ಸಕ್ಕರೆ, ಬೆಲ್ಲ, ಟೀಯಲ್ಲಿ ಅದ್ದಿದ ಬಿಸ್ಕತ್ತು ಅಂದರೆ ಅವಕ್ಕೆ ಹಬ್ಬ! ಉಜ್ಜದೆ ಬಿಟ್ಟರೆ ಆ ಪದರ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಉಜ್ಜಿದರೂ ಹೋಗುವುದಿಲ್ಲ, ಡಾಕ್ಟರೇ ತೆಗೆಯಬೇಕು.

ಇನ್ನೊಂದು ಕಾರಣ ಸಿ ಜೀವಸತ್ವದ ಕೊರತೆ. ಇದರ ಕಥೆ ತುಂಬಾ ಚೆನ್ನಾಗಿದೆ. ಹಿಂದಿನ ಕಾಲದ ನಾವಿಕರು ತಿಂಗಳುಗಟ್ಟಲೆ ಸಮುದ್ರದ ಮೇಲೆ ಒಣ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ ತಿಂದುಕೊಂಡು ಇರುತ್ತಿದ್ದರು. ಅವರ ಒಸಡು ಊದಿ, ರಕ್ತ ಸೋರಿ, ಹಲ್ಲು ಅಲ್ಲಾಡಿ, ಕೊನೆಗೆ ಸತ್ತೇ ಹೋಗುತ್ತಿದ್ದರು. ಈ ರೋಗಕ್ಕೆ ಸ್ಕರ್ವಿ ಎನ್ನುತ್ತಾರೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಸಾಲಿಸ್‌ಬರಿ ಎಂಬ ಹಡಗಿನಲ್ಲಿ 12 ಜನ ರೋಗಿಗಳನ್ನು ಆರು ಜೋಡಿ ಮಾಡಿದ. ಒಂದು ಜೋಡಿಗೆ ವಿನಿಗರ್, ಒಂದು ಜೋಡಿಗೆ ಸಮುದ್ರದ ನೀರು (ಪಾಪ!), ಹೀಗೆ ಬೇರೆ ಬೇರೆ ಕೊಟ್ಟ. ಒಂದು ಜೋಡಿಗೆ ಮಾತ್ರ ದಿನಾ ಎರಡು ಕಿತ್ತಳೆ, ಒಂದು ನಿಂಬೆ. ಆರೇ ದಿನಕ್ಕೆ ಹಣ್ಣು ಖಾಲಿಯಾಯಿತು. ಅಷ್ಟರಲ್ಲಿ ಆ ಇಬ್ಬರಲ್ಲಿ ಒಬ್ಬ ಎದ್ದು ಕೆಲಸಕ್ಕೆ ಹೋಗುವಂತಾಗಿದ್ದ. ಆದರೂ ಬ್ರಿಟಿಷ್ ನೌಕಾಪಡೆ ಎಲ್ಲರಿಗೂ ನಿಂಬೆರಸ ಕೊಡಲು ಶುರು ಮಾಡಿದ್ದು 1795ರಲ್ಲಿ. ಅಷ್ಟು ವರ್ಷ ಏನು ಮಾಡುತ್ತಿದ್ದರೋ!

ಒಸಡನ್ನು ಬಿಗಿಯಾಗಿ ಹಿಡಿದಿಡುವುದು ಕೊಲಾಜೆನ್ ಎಂಬ ನಾರು. ಸಿ ಜೀವಸತ್ವ ಇಲ್ಲದೆ ದೇಹಕ್ಕೆ ಆ ನಾರನ್ನು ಸರಿಯಾಗಿ ನೇಯಲು ಆಗುವುದಿಲ್ಲ. ಹಸು, ನಾಯಿ ಈ ಜೀವಸತ್ವವನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೆ, ಕೋತಿಗಳಿಗೆ ಅದು ಬರುವುದಿಲ್ಲ, ತಿಂದೇ ಪಡೆಯಬೇಕು. ಕೋತಿಗಳು ಸೀಬೆಗಿಡ ಬಿಡದೆ ಇರುವುದು ಅದಕ್ಕೇ ಇರಬಹುದು.

ಸ್ಕರ್ವಿ ಈಗ ಅಪರೂಪ. ಆದರೆ ವಯಸ್ಸಾದವರನ್ನು ಗಮನಿಸಿ. ನಮ್ಮಜ್ಜಿ ಒಸಡಿನಲ್ಲಿ ರಕ್ತ ಬರುತ್ತದೆ ಅಂತ ಮೊದಲು ಹಲ್ಲುಜ್ಜುವುದನ್ನು ಕಡಿಮೆ ಮಾಡಿದರು. ಆಮೇಲೆ ಸೀಬೆ, ನೆಲ್ಲಿ, ಕೋಸಂಬರಿ ಎಲ್ಲ ಬಿಟ್ಟರು. ಈಗ ಮುದ್ದೆ, ಸಾರು, ಟೀ ಅಷ್ಟೇ. "ಹಲ್ಲು ಬೀಳೋ ವಯಸ್ಸು ಕಣೋ" ಅಂತಾರೆ. ರಾಗಿ ಒಳ್ಳೆಯದೇ, ಆದರೆ ಮುದ್ದೆಯಲ್ಲಿ ಸಿ ಜೀವಸತ್ವ ಇಲ್ಲ. ಉಜ್ಜದಿದ್ದರೆ ಕೊಳೆ ಹೆಚ್ಚುತ್ತದೆ, ಹಣ್ಣು ಬಿಟ್ಟರೆ ಒಸಡಿಗೆ ಬಲ ಕಡಿಮೆಯಾಗುತ್ತದೆ. ಅಂದರೆ ರಕ್ತ ನಿಲ್ಲಲಿ ಅಂತ ಬಿಟ್ಟ ಎರಡೂ ರಕ್ತ ಬರುವುದಕ್ಕೇ ದಾರಿ. ಮೇಲೆ ಕಡ್ಡಿಪುಡಿ ಬೇರೆ. ಹೊಗೆಸೊಪ್ಪು ಇಡುವ ಜಾಗದಲ್ಲಿ ಒಸಡು ಹಲ್ಲು ಬಿಟ್ಟು ಹಿಂದಕ್ಕೆ ಸರಿಯುತ್ತದೆ, ಬಾಯಿ ಕ್ಯಾನ್ಸರ್ ಕೂಡ ಬರಬಹುದು.

ಕಚ್ಚಲು ಆಗದವರಿಗೂ ಉಪಾಯ ಇದೆ. ಚೆನ್ನಾಗಿ ಹಣ್ಣಾದ ಸೀಬೆಯ ಬೀಜ ತೆಗೆದು ಚಮಚದಲ್ಲಿ ಕಿವುಚಿ ಕೊಡಬಹುದು. ಕಿತ್ತಳೆಗಿಂತ ಸೀಬೆಯಲ್ಲೇ ಸಿ ಜೀವಸತ್ವ ಹೆಚ್ಚು, ನೆಲ್ಲಿಯಲ್ಲಿ ಇನ್ನೂ ಹೆಚ್ಚು. ನೆಲ್ಲಿಕಾಯಿಯನ್ನು ಅರೆದು ಮಜ್ಜಿಗೆಗೆ ಹಾಕಿದರೆ ಅಗಿಯುವ ಕೆಲಸವೇ ಇಲ್ಲ. ಸಾರಿಗೆ ನಿಂಬೆಹಣ್ಣು ಹಿಂಡುವುದಾದರೆ ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಹಿಂಡಬೇಕು. ಕುದಿಸಿದರೆ ಸಿ ಜೀವಸತ್ವ ಹಾಳಾಗುತ್ತದೆ.

ಹಣ್ಣು ತಿಂದ ಮಾತ್ರಕ್ಕೆ ಗಟ್ಟಿಯಾದ ಕೊಳೆ ಹೋಗುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೂ ಒಸಡು ಬೇಗ ಕೆಡುತ್ತದೆ, ಆದ್ದರಿಂದ ರಕ್ತ ಬರುತ್ತಲೇ ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಅಜ್ಜಿ ಸೀಬೆ, ಮಜ್ಜಿಗೆ ಎರಡಕ್ಕೂ ಒಪ್ಪಿದ್ದಾರೆ. ಕಡ್ಡಿಪುಡಿ ಬಿಡುವ ಮಾತು ಎತ್ತಿದರೆ ಮಾತ್ರ ಕಿವಿ ಕೇಳಿಸುವುದಿಲ್ಲ.