ಮನೆ ಬದಲಿಸುವಾಗ ಮುದಿ ಬೆಕ್ಕನ್ನು ಬಿಟ್ಟು ಬರಬೇಕೆ?

ಮೇ–ಜೂನ್ ಬಂತೆಂದರೆ ಕೊಪ್ಪಳ ಜಿಲ್ಲೆಯ ಊರುಗಳಲ್ಲಿ ಮನೆ ಬದಲಿಸುವ ಗಡಿಬಿಡಿ. ಕುಷ್ಟಗಿಯಿಂದ ಗಂಗಾವತಿಗೆ ವರ್ಗವಾದ ಮಾಸ್ತರರು, ಯಲಬುರ್ಗಾ ಕಡೆಯ ಮಣ್ಣಿನ ಮಾಳಿಗೆ ಮನೆ ಬಿಟ್ಟು ಕೊಪ್ಪಳಕ್ಕೆ ಹತ್ತಿದ ಭಾಗ್ಯನಗರದಲ್ಲಿ ಆರ್‌ಸಿಸಿ ಮನೆ ಹಿಡಿದವರು, ಮಕ್ಕಳ ಓದಿಗೆಂದು ಹಳ್ಳಿಯಿಂದ ತಾಲ್ಲೂಕು ಊರಿಗೆ ಬಂದವರು. ಮಂಚ, ಕಪಾಟು, ಹಂಡೆ, ಜೋಳದ ಚೀಲ ಎಲ್ಲವೂ ಟಾಟಾ ಏಸ್ ಏರುತ್ತವೆ. ಕೊನೆಗೆ ಉಳಿಯುವುದು ಬೆಕ್ಕಿನ ಪ್ರಶ್ನೆ. ಅದೂ ಹತ್ತು ಹನ್ನೆರಡು ವರ್ಷ ದಾಟಿದ, ಹೊಸಬರ ದನಿ ಕೇಳಿದರೆ ಅಟ್ಟ ಏರಿ ಕೂರುವ ಅಂಜುಬುರುಕ ಬೆಕ್ಕಾದರೆ ಮನೆಮಂದಿಗೆಲ್ಲ ಚಿಂತೆ. ಆಗ ಹಿರಿಯರಿಂದ, ನೆರೆಯವರಿಂದ ಬರುವ ಸಲಹೆಗಳ ಹಿಂದೆ ಕಾಳಜಿ ಇದ್ದೇ ಇರುತ್ತದೆ. ಆದರೆ ಅವುಗಳಲ್ಲಿ ಹಲವು ಬೆಕ್ಕಿನ ಜೀವಕ್ಕೇ ಕುತ್ತು ತರುವಂಥವು. ಒಂದೊಂದನ್ನೇ ನೋಡೋಣ.

ತಪ್ಪು ಕಲ್ಪನೆ 1: “ಬೆಕ್ಕು ಮನಿ ಹಿಡಿತೈತಿ, ಮಂದಿನ್ನ ಹಿಡಿಯಂಗಿಲ್ಲ. ಹಳೇ ಮನ್ಯಾಗ ಬಿಟ್ಟು ಬರೂದ ಚಲೋ.”

ಸತ್ಯ: ಈ ಮಾತಿನಲ್ಲಿ ಅರ್ಧ ನಿಜವಿದೆ. ಬೆಕ್ಕು ತನ್ನ ಜಾಗವನ್ನು ಗುರುತಿಸುವುದು ವಾಸನೆಯಿಂದ. ಬಾಗಿಲ ಚೌಕಟ್ಟಿಗೆ, ಮಂಚದ ಕಾಲಿಗೆ, ನಮ್ಮ ಕಾಲಿಗೆ ಅದು ಕೆನ್ನೆ ಉಜ್ಜಿದಾಗಲೆಲ್ಲ ಮುಖದ ಗ್ರಂಥಿಗಳ ವಾಸನೆ ಅಲ್ಲಿ ಅಂಟುತ್ತದೆ. ಆ ವಾಸನೆ ಇದ್ದಲ್ಲಿ ಅದಕ್ಕೆ ಧೈರ್ಯ. ಹೊಸ ಮನೆಯಲ್ಲಿ ಅಂಥ ಗುರುತು ಒಂದೂ ಇರುವುದಿಲ್ಲವಾದ್ದರಿಂದ ಅದು ಹೆದರುತ್ತದೆ.

ಉಳಿದರ್ಧ ಸುಳ್ಳು. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಬೆಕ್ಕನ್ನು ಅದು ಹಿಂದೆಂದೂ ನೋಡಿರದ ಕೋಣೆಯಲ್ಲಿ ಸಾಕಿದವರ ಜೊತೆ ಎರಡು ನಿಮಿಷ ಇಟ್ಟರು. ಆಮೇಲೆ ಎರಡು ನಿಮಿಷ ಒಂಟಿಯಾಗಿ ಬಿಟ್ಟು, ಸಾಕಿದವರನ್ನು ಮತ್ತೆ ಒಳಗೆ ಕಳಿಸಿದರು. ಮರಿಗಳಲ್ಲಿ ಶೇಕಡ 64ರಷ್ಟು, ದೊಡ್ಡ ಬೆಕ್ಕುಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಪಾಲು, ತಮ್ಮವರು ಬಂದೊಡನೆ ಸಮಾಧಾನಗೊಂಡು ಕೋಣೆಯನ್ನು ಮೂಸಿ ನೋಡಲು ಹೊರಟವು. ಅಂದರೆ ಗುರುತಿಲ್ಲದ ಜಾಗದಲ್ಲಿ ಬೆಕ್ಕಿಗೆ ಇರುವ ದೊಡ್ಡ ಆಸರೆ ಅದನ್ನು ಸಾಕಿದ ಮನುಷ್ಯರೇ.

ಹಳೇ ಮನೆಯಲ್ಲಿ ಬಿಟ್ಟ ಬೆಕ್ಕಿನ ಗತಿ ಏನೆಂದು ಯೋಚಿಸಿ. ಮನೆಗೆ ಬೀಗ ಬೀಳುತ್ತದೆ, ಇಲ್ಲವೇ ಬೇರೆಯವರು ಬರುತ್ತಾರೆ. ಮುದಿ ಬೆಕ್ಕಿಗೆ ಇಲಿ ಹಿಡಿಯುವ ಚುರುಕು ಉಳಿದಿರುವುದಿಲ್ಲ. ಅಂಜುಬುರುಕ ಬೆಕ್ಕು ಇನ್ನೊಬ್ಬರ ಅಡುಗೆಮನೆ ಮುಂದೆ ನಿಂತು ಕೂಗುವುದೂ ಇಲ್ಲ. ಹಸಿವು, ನೀರಡಿಕೆಯಿಂದ ನರಳುವಂತೆ ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಬೆಕ್ಕನ್ನು ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂದು ನಂಬಿ, ಅದರ ಮೇಲೆ ಕೈ ಎತ್ತಲು ಅಂಜಿದ ಜನ ನಾವು. ಉಪವಾಸಕ್ಕೆ ಬಿಟ್ಟು ಬರುವುದಕ್ಕೂ ಅಷ್ಟೇ ಅಂಜಬೇಕು.

ತಪ್ಪು ಕಲ್ಪನೆ 2: “ವಯಸ್ಸಾದ ಬೆಕ್ಕು ಹೊಸ ಮನೆಗೆ ಹೊಂದುವುದಿಲ್ಲ.”

ಸತ್ಯ: ಹೊಂದುತ್ತದೆ, ತಡವಾಗಿ. ಎಳೆಯ ಬೆಕ್ಕಿಗೆ ಕೆಲವು ದಿನ ಸಾಕಾದರೆ ಮುದಿ ಬೆಕ್ಕಿಗೆ ಕೆಲವು ವಾರ ಬೇಕಾಗಬಹುದು. ಅದರ ತೊಂದರೆ ಬಹಳ ಸಲ ಮೈಯದ್ದು. 2002ರಲ್ಲಿ ಅಮೆರಿಕದ ಪಶುವೈದ್ಯರು 12 ವರ್ಷ ಮೀರಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದಾಗ 90ರಲ್ಲಿ ಕೀಲು ಸವೆತದ ಗುರುತು ಕಂಡಿತು. ಬೆಕ್ಕು ನೋವು ತೋರಿಸಿಕೊಳ್ಳದ ಪ್ರಾಣಿ. ಅದು ಕುಂಟುವುದಿಲ್ಲ, ಜಿಗಿಯುವುದನ್ನು ಬಿಡುತ್ತದೆ. ಹಳೇ ಮನೆಯ ಮೆಟ್ಟಿಲು, ಮೂಲೆ, ಕಿಂಡಿಗಳ ಅಳತೆ ಅದಕ್ಕೆ ರೂಢಿಯಾಗಿರುತ್ತದೆ. ಹೊಸ ಮನೆಯ ನುಣುಪು ಟೈಲ್ಸ್ ಮೇಲೆ ಅದರ ಕಾಲು ಜಾರುತ್ತದೆ.

ಆದ್ದರಿಂದ ಟೈಲ್ಸ್ ಮೇಲೆ ಹಳೆಯ ಜಮಖಾನೆಯೋ ಗೋಣಿತಟ್ಟೋ ಹಾಸಿ. ಅದು ಕೂರುವ ಎತ್ತರದ ಜಾಗಕ್ಕೆ ಹತ್ತಲು ಒಂದು ಮಣೆ ಅಥವಾ ಸ್ಟೂಲ್ ಇಡಿ. ರಾತ್ರಿ ಸಣ್ಣ ದೀಪ ಉರಿಯಲಿ, ಕಣ್ಣು ಮಂದವಾದ ಬೆಕ್ಕಿಗೆ ಅನುಕೂಲ. ಮನೆ ಬದಲಿಸುವ ಮೊದಲೇ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿ. ಮುದಿ ಬೆಕ್ಕುಗಳಿಗೆ ಮೂತ್ರಪಿಂಡದ ಕಾಯಿಲೆ ಹೆಚ್ಚು. ವಿಪರೀತ ನೀರು ಕುಡಿಯುವುದು, ಸೊರಗುವುದು ಇದ್ದರೆ ಆಗಲೇ ಗೊತ್ತಾಗುತ್ತದೆ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಎಂದೂ ಕೊಡಬೇಡಿ. ಒಂದೇ ಗುಳಿಗೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ತಪ್ಪು ಕಲ್ಪನೆ 3: “ಗೋಣಿಚೀಲದಾಗ ಹಾಕಿ ಬಾಯಿ ಕಟ್ಟಿ ಒಯ್ದರ ದಾರಿ ಗೊತ್ತಾಗಂಗಿಲ್ಲ, ತಿರುಗಿ ಬರಂಗಿಲ್ಲ.”

ಸತ್ಯ: ಬೆಕ್ಕು ದಾರಿ ಹುಡುಕಲು ಕಣ್ಣನ್ನೇ ನಂಬಿಲ್ಲ. 1922ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಫ್ರಾನ್ಸಿಸ್ ಹೆರಿಕ್ ಒಂದು ತಾಯಿಬೆಕ್ಕನ್ನು ಮರಿಗಳಿಂದ ಒಂದರಿಂದ ನಾಲ್ಕು ಮೈಲಿ ದೂರ ಒಯ್ದು ಬಿಟ್ಟು ನೋಡಿದ್ದರು. ಅದು ಮತ್ತೆ ಮತ್ತೆ ಮರಿಗಳ ಬಳಿಗೇ ಮರಳಿತು. ಚೀಲ ದಾರಿ ಮರೆಸುವುದಿಲ್ಲ. ಅದು ಬೆಕ್ಕಿಗೆ ಕೊಡುವುದು ಉಸಿರುಕಟ್ಟು ಮತ್ತು ಗಾಬರಿ ಮಾತ್ರ.

ನಮ್ಮ ಬೇಸಿಗೆಯಲ್ಲಿ ಇದು ಇನ್ನೂ ಅಪಾಯ. ಬಿಸಿಲು 40 ಡಿಗ್ರಿ ಮುಟ್ಟುವ ದಿನಗಳಲ್ಲಿ ಟೆಂಪೊ ಹಿಂಭಾಗದ ಸಾಮಾನಿನ ನಡುವೆ ಕಟ್ಟಿಟ್ಟ ಬೆಕ್ಕು ಬಿಸಿಲಾಘಾತದಿಂದ ಸಾಯಬಹುದು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದು ಸಂಕಟದಲ್ಲಿದೆ ಎಂದೇ ತಿಳಿಯಿರಿ. ಗಾಳಿಯಾಡುವ ಪೆಟ್ಟಿಗೆ ಕೊಳ್ಳಲಾಗದಿದ್ದರೆ ತರಕಾರಿ ತರುವ ಎರಡು ಪ್ಲಾಸ್ಟಿಕ್ ಕ್ರೇಟುಗಳನ್ನು ಬಾಯಿಗೆ ಬಾಯಿ ಕೂಡಿಸಿ ಗಟ್ಟಿಯಾಗಿ ಕಟ್ಟಿದರೂ ನಡೆಯುತ್ತದೆ. ಎರಡು ವಾರ ಮೊದಲೇ ಅದನ್ನು ಬಾಯಿ ತೆರೆದು ಮನೆಯಲ್ಲಿಡಿ. ಒಳಗೆ ನಿಮ್ಮ ಹಳೇ ಸೀರೆ ಅಥವಾ ಲುಂಗಿ ಹಾಸಿ, ಅಲ್ಲೇ ಊಟ ಕೊಡಿ. ಹೊರಡುವ ದಿನ ಬೆಳಗಿನ ತಂಪಿನಲ್ಲೇ ಹೊರಡಿ. ಪೆಟ್ಟಿಗೆ ಮನುಷ್ಯರು ಕೂರುವ ಕಡೆ, ನಿಮ್ಮ ಮಗ್ಗುಲಲ್ಲೇ ಇರಲಿ. ಮೇಲೆ ತೆಳು ಬಟ್ಟೆ ಹೊದಿಸಿದರೆ ಅಂಜಿಕೆ ಕಡಿಮೆ. ದಾರಿಯಲ್ಲಿ ಎಷ್ಟೇ ಕೂಗಿದರೂ ಪೆಟ್ಟಿಗೆ ತೆರೆಯಬೇಡಿ.

ತಪ್ಪು ಕಲ್ಪನೆ 4: “ಫಿನಾಯಿಲ್ ಹಾಕಿ ತೊಳೆದು ಚೊಕ್ಕ ಮಾಡಿದ ಮನೆ ಎಲ್ಲರಿಗೂ ಒಳ್ಳೆಯದು.”

ಸತ್ಯ: ಬೆಕ್ಕಿಗೆ ಅಲ್ಲ. ಫಿನಾಯಿಲ್‌ನಂಥ ದ್ರವಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒದ್ದೆ ನೆಲದ ಮೇಲೆ ನಡೆದು, ಆಮೇಲೆ ಪಾದ ನೆಕ್ಕಿಕೊಂಡರೆ ವಿಷ ಹೊಟ್ಟೆ ಸೇರುತ್ತದೆ. ಬಟ್ಟೆಯ ಗಂಟಿನಲ್ಲಿಡುವ ನುಸಿಗುಳಿಗೆಯೂ ವಿಷವೇ. ಬೆಕ್ಕು ಇರುವ ಕೋಣೆಯನ್ನು ಸೋಪಿನ ನೀರಿನಿಂದ ಒರೆಸಿ, ಬರಿ ನೀರಿನಿಂದ ಮತ್ತೊಮ್ಮೆ ಒರೆಸಿ, ಒಣಗಲು ಬಿಡಿ. ಸುಣ್ಣಬಣ್ಣದ ವಾಸನೆ ಹೋದ ಮೇಲೆಯೇ ಬೆಕ್ಕನ್ನು ತನ್ನಿ.

ಅದರ ಹಾಸಿಗೆ, ಮಲಗುವ ಬುಟ್ಟಿ, ತಟ್ಟೆಗಳನ್ನು ಮಾತ್ರ ತೊಳೆದು ತರಬೇಡಿ. ಹಳೇ ಮನೆಯಲ್ಲೇ ಮೆತ್ತನೆಯ ಬಟ್ಟೆಯಿಂದ ಬೆಕ್ಕಿನ ಕೆನ್ನೆ ಒರೆಸಿ, ಅದೇ ಬಟ್ಟೆಯನ್ನು ಹೊಸ ಮನೆಯ ಬಾಗಿಲು, ಗೋಡೆಯ ಅಂಚುಗಳಿಗೆ ಬೆಕ್ಕಿನ ಎತ್ತರದಲ್ಲಿ ಉಜ್ಜಿ. ಬೆಕ್ಕು ಕಾಲಿಡುವ ಮೊದಲೇ ಅದರ ಗುರುತು ಅಲ್ಲಿ ಇರುತ್ತದೆ.

ತಪ್ಪು ಕಲ್ಪನೆ 5: “ಗೃಹಪ್ರವೇಶದ ದಿನವೇ ತಂದು ಮನೆತುಂಬ ಬಿಟ್ಟರೆ ಬೇಗ ರೂಢಿಯಾಗುತ್ತದೆ.”

ಸತ್ಯ: ಆ ದಿನ ಹೋಮದ ಹೊಗೆ, ಬೀಗರು ನೆಂಟರು, ಮೈಕು, ಬಾಗಿಲು ಹಾರುಹೊಡೆದ ಮನೆ. ಅಂಜುಬುರುಕ ಬೆಕ್ಕು ಓಡಿಹೋಗಲು ಇದಕ್ಕಿಂತ ಬೇರೆ ಕಾರಣ ಬೇಡ. ಹಾಲು ಉಕ್ಕಿಸುವ ಶಾಸ್ತ್ರ ಮುಗಿದು, ಮಂದಿ ಹೋಗಿ, ಸಾಮಾನು ಒಂದು ಹದಕ್ಕೆ ಬಂದ ಮೇಲೆ ಅದನ್ನು ತನ್ನಿ. ಅದೇ ದಿನ ತರಲೇಬೇಕಾದರೆ ಒಂದು ಕೋಣೆಯೊಳಗಿಟ್ಟು ಹೊರಗೆ ಚಿಲಕ ಹಾಕಿ, ಮಕ್ಕಳಿಗೂ ಹೇಳಿಡಿ.

ತಂದ ಮೇಲೂ ಮೊದಲ ದಿನಗಳಲ್ಲಿ ಅದಕ್ಕೆ ಒಂದೇ ಕೋಣೆ ಕೊಡಿ. ಒಂದು ಮೂಲೆಯಲ್ಲಿ ಊಟ ಮತ್ತು ನೀರು, ಎದುರು ಮೂಲೆಯಲ್ಲಿ ತಗ್ಗು ಅಂಚಿನ ಟಬ್ಬಿನಲ್ಲಿ ಉಸುಕು. ಹಳೇ ಹಿತ್ತಲಿನಲ್ಲಿ ಅದು ಹೋಗುತ್ತಿದ್ದ ಜಾಗದ ಒಂದಿಷ್ಟು ಮಣ್ಣನ್ನು ಚೀಲದಲ್ಲಿ ತಂದು ಉಸುಕಿಗೆ ಕಲೆಸಿದರೆ ಅದಕ್ಕೆ ಜಾಗ ತಾನಾಗಿ ತಿಳಿಯುತ್ತದೆ. ದಿನಕ್ಕೆ ಕೆಲವು ಸಲ ನೀವು ಹೋಗಿ ನೆಲದ ಮೇಲೆ ಕುಳಿತು ಮೆಲ್ಲಗೆ ಮಾತಾಡಿ. ಅದು ಉಂಡು, ಮೈ ನೆಕ್ಕಿಕೊಂಡು, ನಿಮ್ಮ ಕಾಲಿಗೆ ಕೆನ್ನೆ ಉಜ್ಜತೊಡಗಿದಾಗ ಮುಂದಿನ ಕೋಣೆಯ ಬಾಗಿಲು ತೆರೆಯಿರಿ.

ತಪ್ಪು ಕಲ್ಪನೆ 6: “ಮಂಚದ ಕೆಳಗೆ ಅಡಗಿ ಕೂತರೆ ಎಳೆದು ಹೊರಗೆ ತರಬೇಕು, ಇಲ್ಲವಾದರೆ ಹೆದರಿಕೆ ಹೋಗುವುದಿಲ್ಲ.”

ಸತ್ಯ: ಅಡಗುವುದು ಬೆಕ್ಕು ತನಗೆ ತಾನೇ ಮಾಡಿಕೊಳ್ಳುವ ಉಪಚಾರ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲು ಪೆಟ್ಟಿಗೆ ಕೊಟ್ಟರು, ಉಳಿದವಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕವು ಮೊದಲ ದಿನಗಳಲ್ಲೇ ಹೆಚ್ಚು ಶಾಂತವಾದವು. ಸಾಮಾನು ತಂದ ರಟ್ಟಿನ ಡಬ್ಬಿ ಒಂದನ್ನು ಮಗ್ಗುಲಾಗಿಟ್ಟು ಹಳೇ ಬಟ್ಟೆ ಹಾಸಿದರೆ ಸಾಕು. ಎಳೆದು ಹೊರತೆಗೆದ ಬೆಕ್ಕು ನಿಮ್ಮ ಕೈಗೂ ಹೆದರಲು ಕಲಿಯುತ್ತದೆ.

ತಪ್ಪು ಕಲ್ಪನೆ 7: “ಹಸಿವಾದರೆ ತಾನೇ ತಿನ್ನುತ್ತದೆ. ಒಂದು ಬಟ್ಟಲು ಹಾಲಿಟ್ಟರೆ ಸಾಕು.”

ಸತ್ಯ: ಬೆಕ್ಕಿಗೆ ಉಪವಾಸ ತಡೆಯುವುದಿಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ಹರಿದು ತುಂಬಿಕೊಂಡು ಆ ಅಂಗವೇ ಕೆಡುತ್ತದೆ. ದಪ್ಪನೆಯ ಬೆಕ್ಕಿಗೆ ಈ ಅಪಾಯ ಇನ್ನೂ ಹೆಚ್ಚು. ಒಂದು ದಿನ ಪೂರ್ತಿ ಊಟ ಮುಟ್ಟದಿದ್ದರೆ ವೈದ್ಯರಿಗೆ ಫೋನ್ ಮಾಡಿ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತದೆ. ಹಳೇ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ, ಅದೇ ತಟ್ಟೆಯಲ್ಲಿ, ಅದೇ ಹೊತ್ತಿಗೆ ಕೊಡಿ. ಬೆಚ್ಚಗೆ ಮಾಡಿ ಕೊಟ್ಟರೆ ವಾಸನೆ ಎದ್ದು ಹಸಿವು ಕೆರಳುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡ, ಅವು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ.

ತಪ್ಪು ಕಲ್ಪನೆ 8: “ಮೂಲೆಯಲ್ಲಿ ಉಚ್ಚೆ ಹೊಯ್ದರೆ ಸಿಟ್ಟು ತೀರಿಸಿಕೊಂಡಂತೆ. ಒಂದೇಟು ಕೊಡಬೇಕು.”

ಸತ್ಯ: ಬೆಕ್ಕಿಗೆ ಸೇಡು ಗೊತ್ತಿಲ್ಲ. ಅಂಜಿಕೆಯಿಂದ ಅದರ ಮೂತ್ರಕೋಶ ಉರಿಗೊಳ್ಳಬಹುದು. ಕೀಲು ನೋವಿದ್ದರೆ ಟಬ್ಬಿನ ಅಂಚು ದಾಟಲಾಗುವುದಿಲ್ಲ. ಹೊಡೆದರೆ ಅಂಜಿಕೆ ಹೆಚ್ಚಿ ತೊಂದರೆ ಉಲ್ಬಣಿಸುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ತಿಣುಕಿಯೂ ಉಚ್ಚೆ ಬಾರದಿದ್ದರೆ ನಾಳೆಗೆ ತಳ್ಳಬೇಡಿ. ಮೂತ್ರನಾಳ ಕಟ್ಟಿದ ಬೆಕ್ಕು ಒಂದೆರಡು ದಿನದಲ್ಲಿ ಸಾಯಬಹುದು.

ತಪ್ಪು ಕಲ್ಪನೆ 9: “ಕಾಣೆಯಾದರೆ ಹಳೇ ಮನೆಗೇ ಹೋಗಿರುತ್ತದೆ, ಇಲ್ಲಿ ಹುಡುಕಿ ಫಲವಿಲ್ಲ.”

ಸತ್ಯ: ಮೊದಲು ಹುಡುಕಬೇಕಾದದ್ದು ಇಲ್ಲೇ. ಕಳೆದುಹೋದ ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳಲ್ಲಿ ಶೇಕಡ 75ರಷ್ಟು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಸಿಕ್ಕಿದ್ದವು. ಹೆದರಿದ ಬೆಕ್ಕು ಹತ್ತಿರದ ಸಂದಿಯಲ್ಲಿ ಸದ್ದಿಲ್ಲದೆ ಕೂರುತ್ತದೆ. ಪಕ್ಕದ ಮನೆಯ ಕಟ್ಟಿಗೆ ಒಟ್ಟಿಲು, ಕಟ್ಟುತ್ತಿರುವ ಮನೆಯ ಇಟ್ಟಿಗೆ ರಾಶಿ, ಚರಂಡಿಯ ಮೋರಿ, ನಿಂತ ಗಾಡಿಯ ಅಡಿ ನೋಡಿ. ಊರು ಮಲಗಿದ ಮೇಲೆ ಬ್ಯಾಟರಿ ಹಿಡಿದು ಹೋದರೆ ಕಣ್ಣು ಹೊಳೆದು ಗುರುತು ಸಿಗುತ್ತದೆ. ಕರೆಯುವವರು ದಿನಾ ಊಟ ಹಾಕುವವರೇ ಆಗಿರಲಿ. ಬೆಕ್ಕುಗಳು ಸಾಕಿದವರ ದನಿಯನ್ನು ಅಪರಿಚಿತರ ದನಿಯಿಂದ ಬೇರೆ ಮಾಡಿ ಗುರುತಿಸುತ್ತವೆ ಎಂದು ಜಪಾನಿನ ಸಂಶೋಧಕರು 2013ರಲ್ಲೇ ತೋರಿಸಿದ್ದಾರೆ.

ಅದೇ ಊರಿನೊಳಗೆ, ಒಂದೆರಡು ಓಣಿ ಆಚೆಗೆ ಮನೆ ಬದಲಿಸಿದವರು ಮಾತ್ರ ಹಳೇ ಮನೆಯತ್ತಲೂ ಕಣ್ಣಿಡಬೇಕು. ಅಲ್ಲಿನ ನೆರೆಯವರಿಗೆ ನಿಮ್ಮ ನಂಬರ್ ಕೊಟ್ಟು, ಬೆಕ್ಕು ಬಂದರೆ ಊಟ ಹಾಕಿ ರೂಢಿ ಮಾಡದೆ ಕೂಡಲೇ ಫೋನ್ ಮಾಡಲು ಕೇಳಿಕೊಳ್ಳಿ. ಎಲ್ಲಿಗೇ ಹೋಗಿರಲಿ, ಕನಿಷ್ಠ ಮೂರು ವಾರ ಬೆಕ್ಕನ್ನು ಹೊರಗೆ ಬಿಡಬೇಡಿ. ಆಮೇಲೂ ಊಟಕ್ಕೆ ಮುಂಚೆ, ಹಸಿದಿರುವಾಗ, ನೀವು ಜೊತೆಗಿದ್ದು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ. ಮುದಿ ಬೆಕ್ಕು ಹೊರಗೆ ಹೋಗಲು ಮನಸ್ಸೇ ಮಾಡದಿದ್ದರೆ ಒಳಗೇ ಇರಲಿ, ಬೀದಿನಾಯಿ ಮತ್ತು ಗಾಡಿಗಳ ಕಾಟ ತಪ್ಪುತ್ತದೆ.

ಇಷ್ಟಕ್ಕೆಲ್ಲ ಬೇಕಾಗುವುದು ಒಂದು ಕೋಣೆ, ತೊಳೆಯದ ಹಾಸಿಗೆ, ಒಂದು ರಟ್ಟಿನ ಡಬ್ಬಿ, ಒಂದು ಚೀಲ ಉಸುಕು ಮತ್ತು ಕೆಲವು ವಾರಗಳ ತಾಳ್ಮೆ. ಬಾಡಿಗೆ ಮನೆಯವರಿಗೂ, ಸಣ್ಣ ಸಂಬಳದವರಿಗೂ ಇದು ಭಾರವಲ್ಲ. ಹತ್ತು ವರ್ಷ ನಮ್ಮ ಜೋಳ, ಭತ್ತದ ಚೀಲಗಳನ್ನು ಇಲಿಗಳಿಂದ ಕಾಯ್ದು, ಮಕ್ಕಳ ಮಗ್ಗುಲಲ್ಲಿ ಮಲಗಿ ಬೆಳೆದ ಜೀವಕ್ಕೆ ಅಂಜಿಕೆ ಹೆಚ್ಚು ಎಂಬುದು ಅದನ್ನು ಬಿಟ್ಟು ಬರಲು ಕಾರಣವಾಗಬಾರದು. ಅಂಜುವ ಬೆಕ್ಕಿಗೇ ತನ್ನವರು ಹೆಚ್ಚು ಬೇಕು. ಸಾಮಾನಿನ ಪಟ್ಟಿ ಬರೆಯಲು ಕೂತಾಗ ಬೆಕ್ಕಿನ ಏರ್ಪಾಟನ್ನೇ ಮೊದಲು ಬರೆದುಕೊಳ್ಳಿ.