ನೆಲ ಅಂತಸ್ತು ಸೊನ್ನೆಯೇ ಇರಲಿ



ಕೂನೂರಿನಂಥ ಇಳಿಜಾರಿನಲ್ಲಿ ಮನೆ ಕಟ್ಟಿಸುವವರಿಗೆ, ಅವರ ನಕ್ಷೆ ಬರೆಯುವ ಮಕ್ಕಳಿಗೆ ಈ ಮಾತು. ಸರ್ವೆ ನಕ್ಷೆಯಲ್ಲಿ ನೆಲ ಅಂತಸ್ತು ಸಮುದ್ರಮಟ್ಟದಿಂದ 1850.60 ಮೀಟರ್ ಎಂದಿದೆ, ರೆವಿಟ್‌ನಲ್ಲಿ 0 ಎಂದಿದೆ ಎಂದುಕೊಳ್ಳಿ. ಹಾಗೆಂದು ಲೆವೆಲ್ ಗೆರೆಯ ಮೇಲೆ 1850.60 ಬರೆಯಬೇಡಿ, ಕಟ್ಟಡ ಎರಡು ಕಿಲೋಮೀಟರ್‌ನಷ್ಟು ಮೇಲೆ ಹಾರುತ್ತದೆ. ಅಳತೆ ಮಿಲಿಮೀಟರಿನಲ್ಲಿದ್ದರೆ ಎರಡು ಮೀಟರೂ ಏರುವುದಿಲ್ಲ. ಬೇಗ ಕಣ್ಣಿಗೆ ಬೀಳದ ಈ ತಪ್ಪೇ ಹೆಚ್ಚು ಅಪಾಯ.

ಕಟ್ಟಡವನ್ನು ಅಲ್ಲಾಡಿಸದೆ, ಅದರ ಸೊನ್ನೆ ಎಷ್ಟು ಎತ್ತರದಲ್ಲಿದೆ ಎಂದು ಮಾತ್ರ ತಿಳಿಸಬೇಕು. ಎಲಿವೇಶನ್ ನೋಟ ತೆರೆದು, ಮ್ಯಾನೇಜ್ ಪಟ್ಟಿಯಲ್ಲಿ 'ಸ್ಪೆಸಿಫೈ ಕೋಆರ್ಡಿನೇಟ್ಸ್ ಅಟ್ ಪಾಯಿಂಟ್' ಆರಿಸಿ, ನೆಲ ಅಂತಸ್ತಿನ ಗೆರೆ ಒತ್ತಿ ಎತ್ತರ ಕೊಡಿ. ಬಳಿಕ ಲೆವೆಲ್ ಬಗೆಯಲ್ಲಿ 'ಎಲಿವೇಶನ್ ಬೇಸ್' ಅನ್ನು ಸರ್ವೆ ಪಾಯಿಂಟ್‌ಗೆ ಬದಲಿಸಿ. ಸ್ಪಾಟ್ ಎಲಿವೇಶನ್‌ನಲ್ಲಿ 'ಎಲಿವೇಶನ್ ಒರಿಜಿನ್' ಬೇರೆಯೇ ಇದೆ. ಅದನ್ನು ಮರೆತರೆ ಒಂದೇ ಹಾಳೆಯಲ್ಲಿ ಎರಡು ಎತ್ತರ! ಪೂರ್ವ-ಉತ್ತರ ಅಂಕಿಗಳನ್ನು ಸೈಟ್ ನಕ್ಷೆಯಲ್ಲಿ ಹೊಂದಿಸಿದ ಮೇಲೆ ಸರ್ವೆ ಕಡತವನ್ನು 'ಬೈ ಶೇರ್ಡ್ ಕೋಆರ್ಡಿನೇಟ್ಸ್' ಎಂದು ಜೋಡಿಸಿ.

ಇದಕ್ಕೂ ಮೊದಲು ಸರ್ವೆಯವರನ್ನು ಒಂದು ಮಾತು ಕೇಳಿ. ಕೆಲವರು ಸಮುದ್ರಮಟ್ಟ ಬಿಟ್ಟು ಗೇಟಿನ ಕಂಬವನ್ನೇ 100.00 ಎಂದು ಹಿಡಿಯುತ್ತಾರೆ. ಅಂಕಿ ತಾಳೆ ನೋಡಿಯೇ ನಿವೃತ್ತನಾದ ಗುಮಾಸ್ತ ನಾನು. ಕಾಂಕ್ರೀಟ್ ಹಾಕಿದ ಮೇಲೆ ತಿದ್ದುಪಡಿಗೆ ಕೆಂಪು ಶಾಯಿ ಸಾಲದು.