ಶುರುವಾಗೋಕೆ ಐವರು, ಮುಂದುವರಿಯೋಕೆ ಇಬ್ಬರು

ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ನಿಯಮ ಇದೆ. ಪಂದ್ಯ ಶುರುವಾಗಬೇಕಾದರೆ ಆಡೋಕೆ ರೆಡಿ ಇರುವ ಐದು ಜನ ತಂಡದಲ್ಲಿ ಇರಲೇಬೇಕು. ನಾಲ್ಕೇ ಜನ ಬಂದರೆ ಹದಿನೈದು ನಿಮಿಷ ಕಾಯ್ತಾರೆ, ಆಮೇಲೆ ಎದುರಿನವರಿಗೆ ಗೆಲುವು ಕೊಟ್ಟು ನಿಮ್ಮನ್ನ ಮನೆಗೆ ಕಳಿಸ್ತಾರೆ. ಆದರೆ ಒಮ್ಮೆ ಆಟ ಶುರುವಾಯ್ತು ಅಂದ್ರೆ ಲೆಕ್ಕ ಬೇರೆ. ಗಾಯ ಆಗಿಯೋ, ಐದು ಫೌಲ್ ಆಗಿಯೋ ಒಬ್ಬೊಬ್ಬರೇ ಹೊರಗೆ ಹೋದರೂ, ಕೋರ್ಟ್‌ನಲ್ಲಿ ಇಬ್ಬರು ಉಳಿದಿದ್ದರೆ ಸಾಕು. ಆಟ ನಡೆಯುತ್ತೆ.

ಈ ನಿಯಮ ನನಗೆ ಗೊತ್ತಾಗಿದ್ದು 2015ರಲ್ಲಿ, ಕೋರ್ಟ್ ಮೇಲೆಯೇ. ವಿಟಿಯು ಅಂತರ ಕಾಲೇಜು ಟೂರ್ನಿ. ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹುಡುಗಿಯರ ತಂಡದ ಮೊಟ್ಟಮೊದಲ ಪಂದ್ಯ. ಇದ್ದಿದ್ದೇ ಆರು ಜನ. ಎರಡನೇ ಕ್ವಾರ್ಟರ್‌ನಲ್ಲಿ ಒಬ್ಬಳ ಕಾಲು ಉಳುಕಿತು. ಮೂರನೆಯದರಲ್ಲಿ ಒಬ್ಬಳು, ಕೊನೆಯದರಲ್ಲಿ ಇನ್ನೊಬ್ಬಳು ಐದು ಫೌಲ್ ಮುಗಿಸಿ ಬೆಂಚಿಗೆ ಹೋದರು. ಉಳಿದವರು ಮೂವರು. ಮುಗೀತು ಅಂದ್ಕೊಂಡು ನಾನು ಬಾಲನ್ನ ರೆಫ್ರಿ ಕೈಗೆ ಕೊಡೋಕೆ ಹೋದೆ. 'ಎಲ್ಲಿಗಮ್ಮಾ? ಇಬ್ಬರಿದ್ರೂ ಆಡಬಹುದು. ಹೋಗಿ, ಆಡಿ' ಅಂದರು.

41–12ರಲ್ಲಿ ಸೋತೆವು. ಆ ಹನ್ನೆರಡರಲ್ಲಿ ನಾಲ್ಕು ಪಾಯಿಂಟ್ ಬಂದಿದ್ದು ನಾವು ಮೂವರೇ ಉಳಿದ ಮೇಲೆ. ಬಸ್ಸಿನಲ್ಲಿ ವಾಪಸ್ ಬರುವಾಗ ನಾವು ಮಾತಾಡಿದ್ದು ಆ ನಾಲ್ಕು ಪಾಯಿಂಟ್ ಬಗ್ಗೆ ಮಾತ್ರ.

ಊರಿನ ಹೆಸರೇ ನಮ್ಮ ಹೆಸರು

ತಂಡದಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ. ನಾನು ಹಿರಿಯೂರು. ಇನ್ನಿಬ್ಬರು ಹೊಸದುರ್ಗ, ಹೊಳಲ್ಕೆರೆ. ಚಿತ್ರದುರ್ಗದಿಂದಲೇ ಇಬ್ಬರಿದ್ದರು, ಅವರು ದೊಡ್ಡ ದುರ್ಗ, ಚಿಕ್ಕ ದುರ್ಗ. ಆರನೆಯವಳು ಬಳ್ಳಾರಿ ಕಡೆಯವಳು, ಹಾಗಾಗಿ ಬಳ್ಳಾರಿ. 'ಹೊಳಲ್ಕೆರೆ, ಪಾಸ್ ಕೊಡೇ!' ಅಂತ ಕೂಗಿದರೆ ಹೊರಗಿನವರಿಗೆ ಬಸ್ ಸ್ಟ್ಯಾಂಡಲ್ಲಿ ಕಂಡಕ್ಟರ್ ಕೂಗಿದ ಹಾಗೆ ಕೇಳಿಸ್ತಿತ್ತು.

ನಮ್ಮಲ್ಲಿ ಯಾರೂ ಅದಕ್ಕೂ ಮುಂಚೆ ಬ್ಯಾಸ್ಕೆಟ್‌ಬಾಲ್ ಮುಟ್ಟಿದವರಲ್ಲ. ನಾನೂ ಹೊಳಲ್ಕೆರೆಯೂ ಹೈಸ್ಕೂಲಲ್ಲಿ ಖೋ ಖೋ ಆಡಿದ್ದೆವು. ದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಜಿಲ್ಲಾ ಮಟ್ಟದವರೆಗೂ ಹೋಗಿದ್ದೆವು. ಹೊಸದುರ್ಗ ತೆಂಗಿನ ತೋಟದ ಮನೆಯವಳು, ನಮ್ಮೆಲ್ಲರಿಗಿಂತ ಎತ್ತರ, ಅದೊಂದೇ ಅವಳ ಅರ್ಹತೆ. ಎರಡನೇ ವರ್ಷದಲ್ಲಿ ಪಿಇ ಸರ್ ಟೂರ್ನಿಯ ಎಂಟ್ರಿ ಫಾರಂ ತೋರಿಸಿ, 'ನೋಡ್ರಮ್ಮಾ, ಪ್ರತಿ ವರ್ಷ ಈ ಕಾಲಂ ಖಾಲಿ ಬಿಟ್ಟು ಕಳಿಸ್ತೀನಿ. ಈ ಸಲ ತುಂಬ್ತೀರಾ?' ಅಂತ ಕೇಳಿದರು. ಹಾಗೆ ಶುರುವಾಯ್ತು.

ಸ್ಪೋರ್ಟ್ಸ್ ರೂಮಿನಲ್ಲಿದ್ದ ಬಾಲ್‌ಗಳೆಲ್ಲ ಸೈಜ್ ಏಳು. ಅದು ಗಂಡಸರ ಬಾಲ್. ಹೆಂಗಸರದ್ದು ಸೈಜ್ ಆರು, ಸುತ್ತಳತೆಯಲ್ಲಿ ಒಂದು ಇಂಚು ಕಮ್ಮಿ, ತೂಕವೂ ಕಮ್ಮಿ. ಇದು ನಮಗೆ ಗೊತ್ತಾಗಿದ್ದೇ ಟೂರ್ನಿಯ ದಿನ, ಬಾಲ್ ಕೈಗೆ ಬಂದಾಗ. ಒಂದು ವರ್ಷ ತಪ್ಪು ಬಾಲ್‌ನಲ್ಲಿ ಪ್ರಾಕ್ಟೀಸ್ ಮಾಡಿದ್ದೆವು! ಆಮೇಲೆ ಆರು ಜನ ದುಡ್ಡು ಹಾಕಿ ದಾವಣಗೆರೆಯಿಂದ ಒಂದು ಬಾಲ್ ತಂದೆವು.

ಸಂಜೆ ಆಡಿದರೆ ಕಾಂಪೌಂಡ್ ಗೋಡೆ ಮೇಲೆ ಹುಡುಗರು ಸಾಲಾಗಿ ಕೂತಿರ್ತಿದ್ದರು. ಹಾಗಾಗಿ ನಾವು ಬೆಳಗ್ಗೆ ಆರಕ್ಕೆ ಹೋಗ್ತಿದ್ವಿ. ಸಿಮೆಂಟ್ ಕೋರ್ಟು, ಬಿದ್ದರೆ ಮೊಣಕಾಲು ತರಿದು ಹೋಗುತ್ತೆ. ಊರಿಗೆ ಹೋದಾಗ ಅಪ್ಪ ಗಾಯ ನೋಡಿ, 'ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಇದನ್ನ ಕೇಳ್ತಾರೇನಮ್ಮಾ?' ಅಂದರು. ಅಮ್ಮ ಏನೂ ಹೇಳದೆ ಅರಿಶಿನ ಹಚ್ಚಿ, ಟ್ರ್ಯಾಕ್ ಪ್ಯಾಂಟಿನ ಹರಿದ ಮೊಣಕಾಲಿಗೆ ಒಳಗಿಂದ ಬಟ್ಟೆ ಕೊಟ್ಟು ಹೊಲಿದಳು. ಅದೇ ನಮ್ಮನೆಯ ಒಪ್ಪಿಗೆ.

ಕಂಠೀರವದಲ್ಲಿ ಒಂದು ಶನಿವಾರ

2017ರಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದೆ. ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ. ಜುಲೈ 29ರ ಶನಿವಾರ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳೆಯರ ಏಷ್ಯಾ ಕಪ್ ಬಿ ಡಿವಿಷನ್ ಫೈನಲ್, ಭಾರತ ಮತ್ತು ಕಝಾಕಿಸ್ತಾನ. ನಾನೂ ಚಿಕ್ಕ ದುರ್ಗವೂ ಹೋದೆವು. ಭಾರತ 75–73ರಲ್ಲಿ ಗೆದ್ದು ಎ ಡಿವಿಷನ್‌ಗೆ ಏರಿತು. ನಾಯಕಿ ಚೆನ್ನೈನ ಅನಿತಾ ಪಾಲ್‌ದುರೈ. ಹದಿನೆಂಟು ವರ್ಷ ದೇಶಕ್ಕೆ ಆಡಿದವರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಎರಡೇ ಪಾಯಿಂಟ್ ಅಂತರದ ಆ ಗೆಲುವು ನೋಡಿ ಗಂಟಲು ಕಟ್ಟಿತು. ಜೊತೆಗೆ ಒಂದು ಪ್ರಶ್ನೆಯೂ ಹುಟ್ಟಿತು: ಇಂಥವರನ್ನ ಬೆಳೆಸುವ ತಂಡಗಳು ಎಲ್ಲಿರ್ತವೆ? ಅವು ವರ್ಷಗಟ್ಟಲೆ ಹೇಗೆ ಉಳೀತವೆ? ದೊಡ್ಡ ನಗರವೇ ಬೇಕು ಅಂತೇನಿಲ್ಲ. ಭಾರತ ತಂಡದ ಮಾಜಿ ನಾಯಕಿ ಗೀತು ಅನ್ನಾ ಜೋಸ್ ಓದಿದ್ದು ಕೇರಳದ ಚಂಗನಾಶ್ಶೇರಿಯ ಅಸಂಪ್ಷನ್ ಕಾಲೇಜಿನಲ್ಲಿ. ಅದೂ ನಮ್ಮ ದುರ್ಗದಂಥ ಊರೇ. ಅಲ್ಲಿಂದ ಹೊರಟ ಅವರು 2011ರಲ್ಲಿ ಅಮೆರಿಕದ ಡಬ್ಲ್ಯುಎನ್‌ಬಿಎ ತಂಡಗಳ ಟ್ರಯಲ್ಸ್‌ವರೆಗೂ ಹೋದರು.

ಆವತ್ತಿಂದ ರಾತ್ರಿ ಆಫೀಸ್ ಕ್ಯಾಬ್‌ನಲ್ಲಿ ಕೂತು ಈ ಆಟದ ಹಿಂದಿನ ಕಥೆ ಓದೋದು ನನಗೆ ಅಭ್ಯಾಸ ಆಯ್ತು.

ಗಂಡಸರಿಗೆ ಪ್ರವೇಶವಿಲ್ಲ

ಜೇಮ್ಸ್ ನೈಸ್ಮಿತ್ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಶುರು ಮಾಡಿದ್ದು 1891ರ ಡಿಸೆಂಬರ್‌ನಲ್ಲಿ. ಮರುವರ್ಷವೇ ಪಕ್ಕದ ಊರಿನ ಸ್ಮಿತ್ ಮಹಿಳಾ ಕಾಲೇಜಿನ ವ್ಯಾಯಾಮ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದನ್ನ ತಮ್ಮ ಹುಡುಗಿಯರಿಗೆ ಕಲಿಸಿದರು. ಅಂದ್ರೆ ಆಟ ಹುಟ್ಟಿದ ಕೂಡಲೇ ಹೆಣ್ಣುಮಕ್ಕಳ ಕೈಗೂ ಬಾಲ್ ಬಂತು.

ಆದರೆ ನಿಯಮ ಬೇರೆ ಇತ್ತು. ಕೋರ್ಟನ್ನ ಮೂರು ಭಾಗ ಮಾಡಿದ್ದರು, ಒಬ್ಬಳು ತನ್ನ ಭಾಗ ಬಿಟ್ಟು ಆಚೆ ಹೋಗೋ ಹಾಗಿಲ್ಲ. ಎದುರಾಳಿ ಕೈಯಿಂದ ಬಾಲ್ ಕಿತ್ಕೊಳ್ಳೋ ಹಾಗಿಲ್ಲ. ಹೆಣ್ಣುಮಕ್ಕಳ ಮೈಗೆ ಅಷ್ಟು ಓಟ ಒಗ್ಗಲ್ಲ ಅನ್ನೋದು ಆ ಕಾಲದ ನಂಬಿಕೆ. 1893ರ ಮಾರ್ಚ್‌ನಲ್ಲಿ ಆ ಕಾಲೇಜಿನ ಎರಡು ತರಗತಿಗಳ ಮಧ್ಯೆ ಪಂದ್ಯ ನಡೆದಾಗ ಗಂಡಸರನ್ನ ಒಳಗೇ ಬಿಡಲಿಲ್ಲ. 1896ರ ಏಪ್ರಿಲ್ 4ರಂದು ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹುಡುಗಿಯರು ಆಡಿದರು. ಸ್ಟ್ಯಾನ್‌ಫರ್ಡ್ 2–1ರಲ್ಲಿ ಗೆದ್ದಿತು. ಅಲ್ಲೂ ನೋಡೋಕೆ ಬಂದವರು ಹೆಂಗಸರು ಮಾತ್ರ. ಇದನ್ನ ಓದಿದಾಗ ನನಗೆ ನಮ್ಮ ಕಾಂಪೌಂಡ್ ಗೋಡೆ ನೆನಪಾಯ್ತು. ಅವರು ಬಾಗಿಲು ಹಾಕಿಕೊಂಡರು, ನಾವು ಬೆಳಗ್ಗೆ ಆರಕ್ಕೆ ಎದ್ದೆವು.

ಅಮೆರಿಕದ ಕಾಲೇಜು ಹುಡುಗಿಯರು ಐವರ ತಂಡವಾಗಿ ಇಡೀ ಕೋರ್ಟ್ ಓಡಿ ಆಡೋದು ಕಾಯಂ ಆಗಿದ್ದು 1971ರಲ್ಲಿ. ಒಲಿಂಪಿಕ್ಸ್‌ನಲ್ಲಿ ಗಂಡಸರ ಬ್ಯಾಸ್ಕೆಟ್‌ಬಾಲ್ 1936ರಲ್ಲೇ ಇತ್ತು. ಹೆಂಗಸರದ್ದು ಬಂದಿದ್ದು 1976ರಲ್ಲಿ, ನಲವತ್ತು ವರ್ಷ ಆದ ಮೇಲೆ.

ಟೂತ್‌ಬ್ರಷ್ ಮಾರಿ ಕಪ್ ತಂದವರು

ನಾನು ಓದಿದ್ದರಲ್ಲಿ ಮನಸ್ಸಿಗೆ ಅಂಟಿಕೊಂಡಿದ್ದು ಇಮ್ಯಾಕ್ಯುಲೇಟಾ ಕಾಲೇಜಿನ ಕಥೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸ್ತಿದ್ದ ಸಣ್ಣ ಮಹಿಳಾ ಕಾಲೇಜು. 1967ರಲ್ಲಿ ಅವರ ಜಿಮ್ ಬೆಂಕಿಗೆ ಸಿಕ್ಕಿ ಸುಟ್ಟುಹೋಯ್ತು. 1970ರಲ್ಲಿ ಕೋಚ್ ಆಗಿ ಬಂದ ಕ್ಯಾಥಿ ರಶ್‌ಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಸಂಬಳ ಇಡೀ ವರ್ಷಕ್ಕೆ 450 ಡಾಲರ್.

1972ರಲ್ಲಿ ಅಮೆರಿಕದ ಕಾಲೇಜು ಮಹಿಳಾ ತಂಡಗಳಿಗೆ ಮೊದಲ ಸಲ ಎಐಎಡಬ್ಲ್ಯು ರಾಷ್ಟ್ರೀಯ ಟೂರ್ನಿ ಏರ್ಪಾಡಾಯ್ತು. ಇಮ್ಯಾಕ್ಯುಲೇಟಾಗೆ ಅವಕಾಶವೇನೋ ಸಿಕ್ಕಿತು, ಹೋಗೋಕೆ ದುಡ್ಡಿಲ್ಲ. ಹುಡುಗಿಯರು ಟೂತ್‌ಬ್ರಷ್ ಮಾರಿ ದುಡ್ಡು ಸೇರಿಸಿದರು. ಆದರೂ ಎಂಟೇ ಜನ ಆಟಗಾರ್ತಿಯರಿಗೆ ಹೋಗಲು ಆಯಿತು. ಫೈನಲ್‌ನಲ್ಲಿ ಎದುರಿಗೆ ಸಿಕ್ಕಿದ್ದು ವೆಸ್ಟ್ ಚೆಸ್ಟರ್. ಸ್ವಲ್ಪ ದಿನದ ಹಿಂದಷ್ಟೇ ಇವರನ್ನ 32 ಪಾಯಿಂಟ್‌ಗಳಿಂದ ಸೋಲಿಸಿದ್ದ ತಂಡ. ಈ ಸಲ ಇಮ್ಯಾಕ್ಯುಲೇಟಾ 52–48ರಲ್ಲಿ ಗೆದ್ದಿತು. 1973, 1974ರಲ್ಲೂ ಅವರದೇ ಕಪ್.

ಅದೇ 1972ರಲ್ಲಿ ಅಮೆರಿಕದಲ್ಲಿ ಟೈಟಲ್ ನೈನ್ ಅನ್ನೋ ಕಾನೂನು ಬಂತು. ಸರ್ಕಾರದ ದುಡ್ಡು ಪಡೆಯುವ ಶಿಕ್ಷಣ ಸಂಸ್ಥೆ ಹೆಣ್ಣು ಗಂಡು ಅಂತ ಭೇದ ಮಾಡೋ ಹಾಗಿಲ್ಲ ಅನ್ನೋದು ಅದರ ಸಾರ. ಬರಬರುತ್ತಾ ದೊಡ್ಡ ವಿಶ್ವವಿದ್ಯಾಲಯಗಳು ಹುಡುಗಿಯರಿಗೆ ಕ್ರೀಡಾ ಸ್ಕಾಲರ್‌ಶಿಪ್ ಕೊಡೋಕೆ ಶುರು ಮಾಡಿದವು. ಒಳ್ಳೆಯ ಆಟಗಾರ್ತಿಯರು ಅತ್ತ ಹೋದರು. ಸಣ್ಣ ಇಮ್ಯಾಕ್ಯುಲೇಟಾ ಹಿಂದೆ ಬಿತ್ತು.

ಹಾಗಂತ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ತಂಡದ ಹುಡುಗಿಯರೇ ಕೋಚ್‌ಗಳಾದರು. ಮರಿಯಾನ್ ಸ್ಟ್ಯಾನ್ಲಿ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯಕ್ಕೆ 1979, 1980, 1985ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದರು. ತೆರೇಸಾ ಗ್ರೆಂಟ್ಜ್ 1982ರಲ್ಲಿ ರಟ್ಗರ್ಸ್‌ಗೆ ಗೆಲ್ಲಿಸಿದರು, 1992ರಲ್ಲಿ ಅಮೆರಿಕದ ಒಲಿಂಪಿಕ್ ತಂಡದ ಕೋಚ್ ಆದರು. ಸುಟ್ಟ ಜಿಮ್‌ನ ಕಾಲೇಜಿನಲ್ಲಿ ಕಲಿತ ಆಟ ಬೇರೆ ಬೇರೆ ಕಾಲೇಜುಗಳಿಗೆ ದಾಟಿತು.

ನಾವು ಕೆ.ಟಿ. ಕೊಡದೆ ಬಂದ್ವಿ

2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಇಡೀ ಜಿಲ್ಲೆಯೇ ಹಿರಿಯೂರಿಗೆ ಬಂದ ಹಾಗಿತ್ತು. ನಮ್ಮ ತಂಡವೂ ಬಂತು. ಆರರಲ್ಲಿ ನಾಲ್ವರು. ಅಮ್ಮ ಮಾಡಿದ ಮುದ್ದೆ, ಸೊಪ್ಪಿನ ಸಾರು ಉಂಡು ಜಗಲಿ ಮೇಲೆ ಕೂತಿದ್ದಾಗ ಹೊಳಲ್ಕೆರೆ ಕೇಳಿದಳು, 'ಕಾಲೇಜಲ್ಲಿ ಈಗ ಟೀಮ್ ಇದೆಯೇನೇ?'

ಯಾರಿಗೂ ಗೊತ್ತಿರಲಿಲ್ಲ. ಪಿಇ ಸರ್‌ಗೆ ಫೋನ್ ಮಾಡಿದೆವು. 'ನೀವು ಹೋದ ಮೇಲೆ ಒಂದು ವರ್ಷ ಹುಡುಗಿಯರು ಬಂದ್ರು ಕಣಮ್ಮ. ಆಮೇಲೆ ಐದು ಜನ ಆಗಲೇ ಇಲ್ಲ' ಅಂದರು. ಕಾಲಂ ಮತ್ತೆ ಖಾಲಿ.

ತಪ್ಪು ಯಾರದ್ದು ಅಂತ ಹುಡುಕಿದರೆ ಬೆರಳು ನಮ್ಮ ಕಡೆಗೇ ತಿರುಗುತ್ತೆ. ಆಫೀಸಲ್ಲಿ ಒಂದು ಪ್ರಾಜೆಕ್ಟ್ ಬಿಡಬೇಕಾದರೆ ಕೆ.ಟಿ. ಕೊಡದೆ ಮ್ಯಾನೇಜರ್ ಬಿಡ್ತಾರಾ? ಎರಡು ವಾರ ಹೊಸಬರ ಪಕ್ಕ ಕೂತು, ಕೋಡ್ ಎಲ್ಲಿದೆ, ಎಲ್ಲಿ ಕೈ ಕೊಡುತ್ತೆ ಎಲ್ಲಾ ಹೇಳಿ ಬರ್ತೀವಿ. ಮೂರು ವರ್ಷ ಬೆವರು ಸುರಿಸಿ ಕಟ್ಟಿದ ತಂಡವನ್ನ ಮಾತ್ರ ಯಾರ ಕೈಗೂ ಕೊಡದೆ, ಕೊನೆಯ ಸೆಮಿಸ್ಟರ್‌ನಲ್ಲಿ ಪ್ಲೇಸ್‌ಮೆಂಟ್ ಹಿಂದೆ ಓಡಿ, ಬಿಟ್ಟು ಬಂದ್ವಿ. ಆ ಸೈಜ್ ಆರರ ಬಾಲ್ ಯಾರ ಹತ್ತಿರ ಇದೆ ಅಂತಲೂ ನಮಗೆ ಗೊತ್ತಿರಲಿಲ್ಲ. ಕಾಲೇಜು ತಂಡಕ್ಕೆ ನಾಲ್ಕೇ ವರ್ಷ ಆಯಸ್ಸು. ಸೀನಿಯರ್ ಜೂನಿಯರ್‌ಗೆ ದಾಟಿಸಿದರೆ ಮಾತ್ರ ಅದು ಐದನೇ ವರ್ಷ ನೋಡುತ್ತೆ.

2023ರಿಂದ ನಾನೂ ಹೊಳಲ್ಕೆರೆಯೂ ತಿಂಗಳಿಗೊಂದು ಶನಿವಾರ ಕಾಲೇಜಿಗೆ ಹೋಗ್ತಿದ್ದೀವಿ. ಅವಳು ಈಗ ದುರ್ಗದಲ್ಲಿ ಬ್ಯಾಂಕ್ ಉದ್ಯೋಗಿ. ನಾನು ಶುಕ್ರವಾರ ರಾತ್ರಿ ಬಸ್ ಹತ್ತಿ ಹಿರಿಯೂರಿಗೆ ಬಂದು ಮಲಗಿ, ಬೆಳಗ್ಗೆ ಎದ್ದು ಹೋಗ್ತೀನಿ. ಎರಡು ಬಾಲ್ ಕೊಡಿಸಿದ್ದೀವಿ, ಎರಡೂ ಸೈಜ್ ಆರು. ನಾವೇನು ಕೋಚ್‌ಗಳಲ್ಲ. ಲೇಅಪ್ ಹೇಳಿಕೊಡ್ತೀವಿ, ಯಾರದ್ದಾದರೂ ಮನೆಯಲ್ಲಿ ಬೇಡ ಅಂದರೆ ಅಮ್ಮಂದಿರ ಹತ್ತಿರ ಫೋನಲ್ಲಿ ಮಾತಾಡ್ತೀವಿ. ಮಾಡೋದು ಅಷ್ಟೇ. ಹೋದ ವರ್ಷ ಮೂವರು ಬಂದರು. ಪಂದ್ಯಕ್ಕೆ ಹೆಸರು ಕೊಡೋಕೆ ಆಗಲಿಲ್ಲ.

ನೀವೂ ಕಾಲೇಜಲ್ಲಿ ಯಾವುದಾದರೂ ತಂಡದಲ್ಲಿದ್ದರೆ, ಇವತ್ತು ನಿಮ್ಮ ಪಿಇ ಸರ್‌ಗೋ ಮೇಡಂಗೋ ಒಂದು ಫೋನ್ ಮಾಡಿ. ತಂಡ ಇದೆಯಾ ಅಂತ ಕೇಳಿ. ಇದ್ದರೆ ಒಂದು ಬಾಲ್ ಕಳಿಸಿ. ಇಲ್ಲದಿದ್ದರೆ ನಿಮ್ಮ ಜೊತೆ ಆಡಿದವರಲ್ಲಿ ಇನ್ನೊಬ್ಬರಿಗೆ ಫೋನ್ ಮಾಡಿ. ಮುಂದುವರಿಸೋಕೆ ಇಬ್ಬರು ಸಾಕಲ್ವಾ?

ಈ ವರ್ಷ ನಮ್ಮ ಹತ್ತಿರ ನಾಲ್ವರು ಹುಡುಗಿಯರಿದ್ದಾರೆ. ಎಂಟ್ರಿ ಫಾರಂ ಸರ್ ಟೇಬಲ್ ಮೇಲಿದೆ. ಐದನೆಯವಳು ಹೊಸದುರ್ಗದ ಹತ್ತಿರದ ಹಳ್ಳಿಯವಳು. ಮನೆಯಲ್ಲಿ ಕೇಳಿ ಸೋಮವಾರ ಹೇಳ್ತೀನಿ ಅಕ್ಕ ಅಂದಿದ್ದಾಳೆ.